ಜರ್ಕ್ ಚಿಕನ್ ಮಾಡಲು ಹೋಗಿ ತಂದೂರಿ ಆಯಿತು, ಎಲ್ಲಿ ತಪ್ಪಿದೆ?

ವಿಜಯನಗರ_ಬಾಣಲೆ
ಮೊನ್ನೆ ಭಾನುವಾರ ಮೊದಲ ಸಲ ಮನೆಯಲ್ಲಿ ಜರ್ಕ್ ಚಿಕನ್, ಅಂದರೆ ಜಮೈಕಾ ದ್ವೀಪದ ಖಾರದ ಸುಟ್ಟ ಕೋಳಿ, ಮಾಡಿದೆ. ಒಂದೂವರೆ ಕೆಜಿ ಕೋಳಿ ಹಾಳಾಯಿತು. ಏನೇನು ಮಾಡಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಬೈಯಬೇಡಿ.

ಆಲ್‌ಸ್ಪೈಸ್ ಸಿಗಲಿಲ್ಲ. ಹೆಸರೇ ಹಾಗಿದೆಯಲ್ಲ, ಎಲ್ಲ ಮಸಾಲೆ ಕೂಡಿಸಿದ ಪುಡಿ ಇರಬೇಕು ಅಂದುಕೊಂಡು ಗರಂ ಮಸಾಲೆ ಹಾಕಿದೆ. ಸ್ಕಾಚ್ ಬಾನೆಟ್ ಮೆಣಸು ಇಲ್ಲಿ ಎಲ್ಲಿ ಸಿಗಬೇಕು, ಬ್ಯಾಡಗಿ ಪುಡಿ ಮತ್ತು ಎಂಟು ಹಸಿಮೆಣಸು ರುಬ್ಬಿದೆ. ನಾಲ್ಕು ನಿಂಬೆಹಣ್ಣು ಹಿಂಡಿದೆ. ಚೆನ್ನಾಗಿ ಹಿಡಿಯಲಿ ಅಂತ ಎರಡು ದಿನ ಫ್ರಿಜ್ಜಿನಲ್ಲಿಟ್ಟೆ. ಕೋಳಿ ಎದೆಯ ಭಾಗದ್ದು, ಚರ್ಮ ತೆಗೆದದ್ದು. ಓಟಿಜಿಯಲ್ಲಿ (ಪುಟ್ಟ ಕರೆಂಟ್ ಓವನ್) 250 ಡಿಗ್ರಿ, 40 ನಿಮಿಷ.

ಹೊರಗೆ ಇದ್ದಿಲು, ಒಳಗೆ ಸುಣ್ಣದ ಕಡ್ಡಿ. ಮನೆಯವರು ಪಾಪ, "ತಂದೂರಿ ಚೆನ್ನಾಗಿದೆ, ಸ್ವಲ್ಪ ಸೀದಿದೆ ಅಷ್ಟೆ" ಅಂದರು. ಅದೇ ನನಗೆ ಜಾಸ್ತಿ ಬೇಜಾರಾಗಿದ್ದು. ನಾಲ್ಕು ವರ್ಷದ ಹಿಂದೆ ಆಫೀಸ್ ಕೆಲಸಕ್ಕೆ ಲಂಡನ್ನಿಗೆ ಹೋದಾಗ ಬ್ರಿಕ್ಸ್‌ಟನ್‌ನಲ್ಲಿ ಬೀದಿ ಬದಿ ತಿಂದಿದ್ದೆ. ಆ ರುಚಿಗೂ ಇದಕ್ಕೂ ಸಂಬಂಧವೇ ಇಲ್ಲ.

ಟೊರೊಂಟೊ_ಹಿಮ
ಅಯ್ಯೋ, ಆಲ್‌ಸ್ಪೈಸ್ ಅಂದರೆ ಮಿಶ್ರಣ ಅಲ್ಲ. ಅದು ಒಂದೇ ಮರದ ಒಂದೇ ಕಾಯಿ. ಕಾಳುಮೆಣಸಿಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ. ಜಮೈಕಾದವರು ಅದನ್ನು ಪಿಮೆಂಟೊ ಅನ್ನುತ್ತಾರೆ. ಸ್ಪೇನಿನವರು ಮೊದಲು ನೋಡಿದಾಗ ಇದೂ ಕಾಳುಮೆಣಸೇ ಅಂದುಕೊಂಡರು. ಅವರ ಭಾಷೆಯಲ್ಲಿ ಕಾಳುಮೆಣಸಿಗೆ ಪಿಮಿಯೆಂಟಾ, ಅದರಿಂದ ಈ ಹೆಸರು. ಆಮೇಲೆ ಇಂಗ್ಲಿಷರು ಮೂಸಿ ನೋಡಿದರು. ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರೂ ಒಂದೇ ಕಾಯಿಯಲ್ಲಿ ಇದ್ದ ಹಾಗೆ ಅನ್ನಿಸಿತು, ಆಲ್‌ಸ್ಪೈಸ್ ಅಂದರು. ಅಲ್ಲಿಂದ ಇವತ್ತಿನವರೆಗೆ ಎಲ್ಲರಿಗೂ ಇದೇ ಗೊಂದಲ. ನಾನೂ ಮೊದಲ ಸಲ ಹೀಗೇ ಮಾಡಿದ್ದೆ.

ಗರಂ ಮಸಾಲೆಯಲ್ಲಿ ಜೀರಿಗೆ, ಕೊತ್ತಂಬರಿ, ಏಲಕ್ಕಿ ಇರುತ್ತದೆ. ಈ ಮೂರು ಬಿದ್ದರೆ ಮುಗಿಯಿತು, ಅದು ನಮ್ಮೂರಿಗೆ ವಾಪಸ್ ಬಂದುಬಿಡುತ್ತದೆ. ನಿಮ್ಮ ಮನೆಯವರ ನಾಲಿಗೆ ಸರಿಯಾಗಿಯೇ ಇದೆ.

ಇನ್ನು ನಿಂಬೆ. ನಾಲ್ಕು ಹಣ್ಣಿನ ಹುಳಿಯಲ್ಲಿ ಎರಡು ದಿನ ಇಟ್ಟರೆ ಮಾಂಸದ ಹೊರಪದರ ಹುಳಿಯಲ್ಲೇ ಅರ್ಧ ಬೆಂದ ಹಾಗಾಗುತ್ತದೆ. ಆಮೇಲೆ ಒಲೆಗೆ ಹೋದರೆ ನೀರೆಲ್ಲ ಬಿಟ್ಟು ಪುಡಿಪುಡಿ. ನೀವು ಹೇಳಿದ ಸುಣ್ಣದ ಕಡ್ಡಿ ಅದೇ. ಎದೆ ಮಾಂಸ, ಅದೂ ಚರ್ಮ ಇಲ್ಲದ್ದು, 250 ಡಿಗ್ರಿ. ಪಾಪದ ಕೋಳಿ.

ಹುಬ್ಬಳ್ಳಿ_ಖಾರ
ಬ್ಯಾಡಗಿಯದೇನು ತಪ್ಪು ಸ್ವಾಮಿ? ಪಾಪ ಅದನ್ನು ಯಾಕೆ ಎಳೆಯುತ್ತೀರಿ?

ಜಮೈಕಾ ಅಂದರೆ ನನಗೆ ಗೊತ್ತಿರುವುದು ಗೇಲ್ ಒಬ್ಬನೇ. ಕಿಂಗ್‌ಸ್ಟನ್ ಹುಡುಗ. 2013ರ ಏಪ್ರಿಲ್ 23, ಚಿನ್ನಸ್ವಾಮಿಯಲ್ಲಿ 66 ಬಾಲಿಗೆ 175. ಅಷ್ಟು ಹೊಡೆಯಲು ಏನು ತಿನ್ನುತ್ತಿದ್ದ ಅಂತ ತಿಳಿಯಲು ಈ ಚರ್ಚೆ ಓದುತ್ತಿದ್ದೇನೆ.

ಟೊರೊಂಟೊ_ಹಿಮ
@ಹುಬ್ಬಳ್ಳಿ_ಖಾರ ಬ್ಯಾಡಗಿಯ ತಪ್ಪೇನೂ ಇಲ್ಲ, ಅದರ ಕೆಲಸವೇ ಬೇರೆ. ಬ್ಯಾಡಗಿ ಬಣ್ಣಕ್ಕೆ. ಜರ್ಕ್‌ಗೆ ಕೆಂಪು ಬಣ್ಣ ಬೇಡವೇ ಬೇಡ. ಅದು ಹಸಿರು ಕಲೆಸಿದ ಕಂದು, ಸುಟ್ಟ ಮೇಲೆ ಕಪ್ಪು.

ಸ್ಕಾಚ್ ಬಾನೆಟ್ ನೋಡಲು ಪುಟ್ಟ ಟೋಪಿಯ ಹಾಗೆ. ಹಳದಿ, ಕೆಂಪು, ಕಿತ್ತಳೆ ಬಣ್ಣದಲ್ಲಿ ಸಿಗುತ್ತದೆ. ಖಾರದ ಲೆಕ್ಕದಲ್ಲಿ 1 ಲಕ್ಷದಿಂದ 3.5 ಲಕ್ಷ ಸ್ಕೊವಿಲ್. ಆದರೆ ಖಾರದ ಮಾತು ಬಿಡಿ, ಅದರ ವಾಸನೆ ನೋಡಬೇಕು. ಕುಯ್ದರೆ ಹಣ್ಣಿನ ವಾಸನೆ, ಮಾವು ಮತ್ತು ಏಪ್ರಿಕಾಟ್ ನಡುವಿನದು. ನಮ್ಮ ಹಸಿಮೆಣಸಿನಲ್ಲಿ ಆ ಹಣ್ಣಿನ ಗುಣ ಇಲ್ಲ. ಹಬನೆರೊ ಅದರ ಸ್ವಂತ ಅಣ್ಣ, ಒಂದೇ ಜಾತಿ. ಬೆಂಗಳೂರಿನಲ್ಲಿ ಹಬನೆರೊ ಬೀಜ ಆನ್‌ಲೈನ್ ಸಿಗುತ್ತದೆ, ಕುಂಡದಲ್ಲಿ ಬೆಳೆಯುತ್ತದೆ. ಅಲ್ಲಿಯವರೆಗೆ ಸೂಜಿಮೆಣಸು ನಾಲ್ಕೈದು ಹಾಕಿ, ಜೊತೆಗೆ ಅರ್ಧ ಹಳದಿ ದೊಣ್ಣೆಮೆಣಸು ರುಬ್ಬಿ. ಪೂರ್ತಿ ಅದೇ ಆಗುವುದಿಲ್ಲ, ಹತ್ತಿರ ಬರುತ್ತದೆ.

ಕೈಗೆ ಕವಚ ಹಾಕಿಕೊಳ್ಳಿ. ಒಂದು ಸಲ ಹಾಕದೆ ಕುಯ್ದು, ಕೈ ತೊಳೆದೆ ಅಂದುಕೊಂಡು, ಆರು ಗಂಟೆ ಆದಮೇಲೆ ಕಣ್ಣಿಗೆ ಲೆನ್ಸ್ ತೆಗೆಯಲು ಹೋಗಿದ್ದೆ. ಮುಂದಿನದು ಹೇಳುವುದಿಲ್ಲ.

ಕುಡ್ಲ_ಕೋರಿ
ಇಷ್ಟೆಲ್ಲ ಕಷ್ಟ ಯಾಕೆ ಮಾರಾಯ್ರೆ? ಒಳ್ಳೆಯ ಘೀ ರೋಸ್ಟ್ ಮಾಡಿ ತಿಂದು ಮಲಗಿ. ಖಾರ ಉಂಟು, ಹುಳಿ ಉಂಟು, ಸಿಹಿ ಉಂಟು. ಎಲ್ಲ ಒಂದೇ ಅಲ್ವಾ?

ಲಂಡನ್_ಲೋಟ
ಒಂದೇ ಅಲ್ಲ. ಘೀ ರೋಸ್ಟ್ ಮಸಾಲೆಯ ಅಡುಗೆ. ಬಾಣಲೆಯಲ್ಲಿ ಮಸಾಲೆ ಸರಿಯಾಗಿ ಹುರಿದರೆ ಮುಕ್ಕಾಲು ಕೆಲಸ ಮುಗಿಯಿತು. ಜರ್ಕ್ ಹಾಗಲ್ಲ, ಅದು ಹೊಗೆಯ ಅಡುಗೆ. ನೀವೆಲ್ಲ ಇಲ್ಲಿಯವರೆಗೆ ಮಸಾಲೆ ಬಗ್ಗೆಯೇ ಮಾತಾಡುತ್ತಿದ್ದೀರಿ, ಹೊಗೆಯ ಮಾತು ಯಾರೂ ಎತ್ತಲಿಲ್ಲ.

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ಮುಂದೆ ಹೋಗಿ. 1655ರಲ್ಲಿ ಇಂಗ್ಲಿಷರು ಜಮೈಕಾವನ್ನು ಸ್ಪೇನಿನವರಿಂದ ಕಿತ್ತುಕೊಂಡರು. ಆ ಗಲಾಟೆಯಲ್ಲಿ ಸ್ಪೇನಿನವರ ಕೈಕೆಳಗಿದ್ದ ಆಫ್ರಿಕಾದ ಗುಲಾಮರು ಬೆಟ್ಟ ಹತ್ತಿದರು. ಆಮೇಲೆ ಇಂಗ್ಲಿಷರ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡವರೂ ಬಂದು ಸೇರಿಕೊಂಡರು. ಇವರೇ ಮರೂನರು. ಮೊದಲಿನಿಂದ ಆ ದ್ವೀಪದಲ್ಲಿದ್ದ ಟೈನೊ ಜನ ಕೋಲುಗಳ ಅಟ್ಟಣೆ ಕಟ್ಟಿ, ಅದರ ಮೇಲೆ ಮಾಂಸ ಇಟ್ಟು, ಕೆಳಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಆ ಪದ್ಧತಿ ಮರೂನರ ಕೈಗೆ ಬಂತು. ಕಾಡಿನಲ್ಲಿ ಹಂದಿ ಇತ್ತು, ಸ್ಪೇನಿನವರು ತಂದು ಬಿಟ್ಟದ್ದು. ಪಿಮೆಂಟೊ ಮರ ಇತ್ತು, ಮೆಣಸು ಇತ್ತು. ಮಾಂಸ ಬೇಗ ಕೆಡಬಾರದು, ಬೆಂಕಿ ದೂರಕ್ಕೆ ಕಾಣಬಾರದು, ಯಾಕೆಂದರೆ ಹಿಂದೆ ಸೈನ್ಯ ಬೀಳುತ್ತಿತ್ತು. ಹಾಗಾಗಿ ಗುಂಡಿ ತೋಡಿ, ಮೇಲೆ ಎಲೆ ಮುಚ್ಚಿ, ನಿಧಾನಕ್ಕೆ ಬೇಯಿಸುತ್ತಿದ್ದರು ಅಂತ ಹೇಳುತ್ತಾರೆ. ಕೊನೆಗೆ ಇಂಗ್ಲಿಷರೇ ಸೋತು 1739ರಲ್ಲಿ ಒಪ್ಪಂದ ಮಾಡಿಕೊಂಡರು. ಮರೂನರ ನಾಯಕಿ ನ್ಯಾನಿಯ ಚಿತ್ರ ಇವತ್ತಿಗೂ ಜಮೈಕಾದ 500 ಡಾಲರ್ ನೋಟಿನ ಮೇಲಿದೆ.

ಜರ್ಕ್ ಅನ್ನುವ ಮಾತು ಚಾರ್ಕಿ ಎಂಬುದರಿಂದ ಬಂದದ್ದು ಅನ್ನುತ್ತಾರೆ. ಆಂಡಿಸ್ ಬೆಟ್ಟದ ಕೆಚುವಾ ಭಾಷೆಯಲ್ಲಿ ಒಣಗಿಸಿದ ಮಾಂಸ ಅಂತ ಅರ್ಥ. ಸ್ಪೇನಿನವರ ಬಾಯಲ್ಲಿ ಹಾದು ಬಂದಿದೆ.

ನೀವು ಬ್ರಿಕ್ಸ್‌ಟನ್‌ನಲ್ಲಿ ತಿಂದಿರಲ್ಲ, ಅವರು ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕೀಲು ಹಾಕಿ, ಒಲೆ ಮಾಡಿಕೊಂಡಿರುತ್ತಾರೆ. ಮುಚ್ಚಳ ಹಾಕಿಯೇ ಬೇಯಿಸುವುದು. ನಾಟಿಂಗ್ ಹಿಲ್ ಕಾರ್ನಿವಲ್ ದಿನ ಎರಡು ಬೀದಿ ಆಚೆಯೇ ನಿಮ್ಮ ಅಂಗಿಗೆ ಆ ವಾಸನೆ ಹತ್ತಿರುತ್ತದೆ. ಆ ಹೊಗೆ ಇಲ್ಲದಿದ್ದರೆ ಮಸಾಲೆ ಎಷ್ಟು ಸರಿ ಇದ್ದರೂ ಅದು ಖಾರದ ಕೋಳಿ ಅಷ್ಟೆ.

ಕೊಡಗಿನ_ಕಾಫಿ
ಅಂದರೆ ಮೂಲದಲ್ಲಿ ಹಂದಿ! ಅದನ್ನು ಮೊದಲೇ ಹೇಳಬಾರದೇ? ಕಾಡು, ಹಂದಿ, ಹೊಗೆ, ಒಲೆಯ ಮೇಲೆ ತೂಗುಹಾಕುವುದು, ಇದೆಲ್ಲ ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ನಾವು ಕಾಚಂಪುಳಿ, ಅಂದರೆ ನಮ್ಮ ಕಪ್ಪು ಹುಳಿ, ಹಾಕುತ್ತೇವೆ, ಅವರು ನಿಂಬೆ.

ಲಂಡನ್_ಲೋಟ
@ಕೊಡಗಿನ_ಕಾಫಿ ಹೌದು, ಮೊದಲು ಹಂದಿಯೇ. ಕೋಳಿ ತೀರಾ ಈಚಿನದು. ಜರ್ಕ್‌ಗೆ ಹೆಸರಾದ ಊರು ಅಂದರೆ ಜಮೈಕಾದ ಪೋರ್ಟ್‌ಲ್ಯಾಂಡ್ ಕಡೆಯ ಬಾಸ್ಟನ್ ಬೇ. ಅಲ್ಲಿ ಈಗಲೂ ಹಂದಿ, ಕೋಳಿ ಎರಡನ್ನೂ ಪಿಮೆಂಟೊ ಕಟ್ಟಿಗೆಯ ಮೇಲೆ ಹಾಕುತ್ತಾರೆ. ಒಣ ಕಟ್ಟಿಗೆ ಅಲ್ಲ, ಹಸಿಯದು. ಅದಕ್ಕೇ ಅಷ್ಟು ಹೊಗೆ, ಅಷ್ಟು ಘಮ.

ವಿಜಯನಗರ_ಬಾಣಲೆ
ಸರಿ, ಈಗ ಇನ್ನೂ ಬೇಜಾರಾಯಿತು. ವಿಜಯನಗರದ ಎರಡನೇ ಮಹಡಿಯಲ್ಲಿ ಹಸಿ ಪಿಮೆಂಟೊ ಕಟ್ಟಿಗೆ ಎಲ್ಲಿಂದ ತರಲಿ?

ಶಿರಸಿ_ಮಳೆ
ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಕೋಳಿ ಬೇಯಿಸುವುದಿಲ್ಲ, ಈ ಚರ್ಚೆಗೆ ಬಂದದ್ದು ಸುಮ್ನೆ. ಆದರೆ ನಮ್ಮ ಅಂಗಳದ ಮೂಲೆಯಲ್ಲಿ ಒಂದು ಮರ ಇದೆ. ಅಜ್ಜ ನರ್ಸರಿಯಿಂದ ಸರ್ವಸುಗಂಧಿ ಅಂತ ತಂದು ನೆಟ್ಟದ್ದು. ಎಲೆ ಹರಿದರೆ ಲವಂಗದ ವಾಸನೆ, ಆಮೇಲೆ ದಾಲ್ಚಿನ್ನಿಯದ್ದು. ಪಲಾವಿಗೆ ಎರಡು ಎಲೆ ಹಾಕುತ್ತೇವೆ, ಕಷಾಯಕ್ಕೂ ಹಾಕುತ್ತೇವೆ. ತೊಗಟೆ ಪೇರಲೆ ಮರದ ಹಾಗೆ ನುಣುಪು, ಸಿಪ್ಪೆ ಏಳುತ್ತದೆ. ಇದು ನೀವು ಹೇಳುವ ಮರವೇ?

ಟೊರೊಂಟೊ_ಹಿಮ
ನಿಲ್ಲಿ ನಿಲ್ಲಿ. ಪೇರಲೆ ತೊಗಟೆ, ಲವಂಗದ ವಾಸನೆಯ ಎಲೆ? ಅದೇ ಮರ! ಪಿಮೆಂಟೊ ಪೇರಲೆ, ನೇರಳೆ, ಲವಂಗದ ಕುಟುಂಬದ್ದು. ಲವಂಗಕ್ಕೆ ವಾಸನೆ ಕೊಡುವ ಯೂಜೆನಾಲ್ ಎಣ್ಣೆಯೇ ಇದರ ಕಾಯಿಯಲ್ಲೂ ಎಲೆಯಲ್ಲೂ ಇರುವುದು. ಕನ್ನಡದಲ್ಲಿ ಗಂಧಮೆಣಸು ಅನ್ನುವ ಹೆಸರೂ ಇದೆ. ಕಾಯಿ ಬಿಟ್ಟಿದೆಯೇ?

ಶಿರಸಿ_ಮಳೆ
ಹೂವು ಬಿಡುತ್ತದೆ, ಕಾಯಿ ನೋಡಿದ ನೆನಪಿಲ್ಲ. ಅಜ್ಜ ಪ್ರತಿ ವರ್ಷ ನರ್ಸರಿಯವನನ್ನು ಬೈಯುತ್ತಿದ್ದರು.

ಟೊರೊಂಟೊ_ಹಿಮ
ಬೈದದ್ದು ಸುಮ್ಮನೆ ಹೋಯಿತು. ಈ ಮರದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹೂವು ನೋಡಲು ಎರಡರಲ್ಲೂ ಒಂದೇ ತರಹ, ಕಾಯಿ ಕಟ್ಟುವುದು ಹೆಣ್ಣಿನಲ್ಲಿ. ಒಂಟಿ ಮರಕ್ಕೆ ಕಾಯಿ ಎಲ್ಲಿಂದ ಬರಬೇಕು? ಕಾಯಿ ಬೇಡ ಬಿಡಿ, ಅಂಗಡಿಯಲ್ಲಿ ಸಿಗುತ್ತದೆ. ಎಲೆ ಮತ್ತು ಸವರಿದ ಸಣ್ಣ ಕೊಂಬೆ ಇದ್ದರೆ ಹೊಗೆಗೆ ಅದೇ ಬಂಗಾರ. ಇಲ್ಲಿ ನಾನು ಒಣ ಕಾಯಿ ನೆನೆಹಾಕಿ ಇದ್ದಿಲಿನ ಮೇಲೆ ಎಸೆಯುತ್ತೇನೆ. ನಿಮ್ಮ ಮನೆ ಅಂಗಳದಲ್ಲಿ ಮರವೇ ನಿಂತಿದೆ, ಕೋಳಿ ತಿನ್ನದವರ ಮನೆಯಲ್ಲಿ! ಹೊಟ್ಟೆ ಉರಿಯುತ್ತಿದೆ.

ಶಿರಸಿ_ಮಳೆ
@ವಿಜಯನಗರ_ಬಾಣಲೆ ವಿಳಾಸ ಖಾಸಗಿಯಾಗಿ ಕಳಿಸಿ. ನಾಳೆ ರಾತ್ರಿ ಬಸ್ಸಿಗೆ ಒಂದು ಚೀಲ ಹಾಕುತ್ತೇನೆ.

ಕುಡ್ಲ_ಕೋರಿ
ನೋಡಿ, ಜಗಳ ಮಾಡಲು ಬಂದವನು ನಾನು, ಇಲ್ಲಿ ಮರವೇ ಸಿಕ್ಕಿಬಿಟ್ಟಿತು.

ಟೊರೊಂಟೊ_ಹಿಮ
ಚೀಲ ಬರುವ ಮೊದಲು ನನ್ನ ಅಳತೆ ಹೇಳಿಬಿಡುತ್ತೇನೆ. ಇದು ಪಕ್ಕದ ಮನೆಯ ಜಮೈಕಾ ಅಜ್ಜಿ ಮಾಡುವುದನ್ನು ನಿಂತು ನೋಡಿ ಕಲಿತದ್ದು. ಅಳತೆ ಮಾತ್ರ ನನ್ನದು, ಅವರು ಕೈಯಳತೆಯವರು.

ಒಂದೂವರೆ ಕೆಜಿ ಕೋಳಿ, ಕಾಲು ತೊಡೆ ಮಾತ್ರ, ಮೂಳೆ ಚರ್ಮ ಎರಡೂ ಇರಲಿ. ಬೆಂಗಳೂರಿನ ಅಂಗಡಿಯವರು ಕೇಳದೆಯೇ ಚರ್ಮ ತೆಗೆಯುತ್ತಾರೆ, ಕತ್ತಿ ಎತ್ತುವ ಮೊದಲೇ ಹೇಳಿ. ಪಿಮೆಂಟೊ ಕಾಯಿ 2 ದೊಡ್ಡ ಚಮಚ ಬರೇ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಪುಡಿ ಮಾಡಿ. ಕಾಳುಮೆಣಸು 1 ಚಿಕ್ಕ ಚಮಚ, ದಾಲ್ಚಿನ್ನಿ ಪುಡಿ ಅರ್ಧ, ಜಾಯಿಕಾಯಿ ತುರಿ ಕಾಲು. ಇಷ್ಟೇ ಒಣ ಮಸಾಲೆ. ಏಲಕ್ಕಿಯ ಕಡೆ ಕೈ ಹೋದರೆ ಕೈಗೆ ಹೊಡೆದುಕೊಳ್ಳಿ. ಈರುಳ್ಳಿ ಹೂವು, ಅದೇ ಸ್ಪ್ರಿಂಗ್ ಆನಿಯನ್, ಒಂದು ಕಟ್ಟು. ಬೆಳ್ಳುಳ್ಳಿ 6 ಎಸಳು, ಶುಂಠಿ ಒಂದು ಇಂಚು, ಮೆಣಸು ನಿಮ್ಮ ಧೈರ್ಯದಷ್ಟು. ಥೈಮ್ 10 ಕಡ್ಡಿ, ಒಣಗಿದ್ದಾದರೆ 1 ದೊಡ್ಡ ಚಮಚ. ಕಪ್ಪು ಬೆಲ್ಲ 2 ದೊಡ್ಡ ಚಮಚ, ಸೋಯಾ ಸಾಸ್ 2, ಎಣ್ಣೆ 2, ನಿಂಬೆ ಒಂದೇ ಒಂದು, ಉಪ್ಪು ಎರಡು ಚಿಕ್ಕ ಚಮಚ. ನುಣ್ಣಗೆ ಬೇಡ, ತರಿತರಿಯಾಗಿ ರುಬ್ಬಿ.

ಕೋಳಿಯನ್ನು ಮೂಳೆಯವರೆಗೆ ಸೀಳಿ, ಚರ್ಮದ ಕೆಳಗೂ ಕೈ ತೂರಿಸಿ ಸವರಿ. ಒಂದು ರಾತ್ರಿ ಸಾಕು. ನಾಲ್ಕು ಚಮಚ ಮಸಾಲೆ ಮೊದಲೇ ಬೇರೆ ಎತ್ತಿಟ್ಟುಕೊಳ್ಳಿ, ಆಮೇಲೆ ಕುದಿಸಿ ಸಾಸ್ ಮಾಡಬಹುದು. ಹಸಿ ಕೋಳಿ ಮುಟ್ಟಿದ್ದನ್ನು ಹಾಗೇ ತಟ್ಟೆಗೆ ಹಾಕಬೇಡಿ.

ಓಟಿಜಿ 190 ಡಿಗ್ರಿ, ಜಾಲರಿಯ ಮೇಲೆ, 40ರಿಂದ 45 ನಿಮಿಷ. ಬೆಲ್ಲ ಇದೆ ಅನ್ನುವುದು ನೆನಪಿರಲಿ, 250ಕ್ಕೆ ಇಟ್ಟರೆ ಒಳಗೆ ಬೇಯುವ ಮೊದಲು ಹೊರಗೆ ಸೀಯುತ್ತದೆ. ಥರ್ಮಾಮೀಟರ್ ಇದ್ದರೆ ಒಳಗೆ ಕನಿಷ್ಠ 74 ಆಗಬೇಕು. ತೊಡೆ ಮಾಂಸ 80 ದಾಟಿದರೆ ಇನ್ನೂ ಮೆತ್ತಗಾಗುತ್ತದೆ, ಎದೆಯ ಹಾಗೆ ಒಣಗುವುದಿಲ್ಲ.

ಹುಬ್ಬಳ್ಳಿ_ಖಾರ
ಒಂದು ಅನುಮಾನ. ಸೈನ್ಯ ಬೆನ್ನಟ್ಟುವಾಗ ಆ ಕಾಡಿನಲ್ಲಿ ಸೋಯಾ ಸಾಸ್ ಬಾಟಲಿ ಎಲ್ಲಿತ್ತು?

ಟೊರೊಂಟೊ_ಹಿಮ
ಹಹಹ. ಇರಲಿಲ್ಲ. ಉಪ್ಪು, ಮೆಣಸು, ಪಿಮೆಂಟೊ ಇಷ್ಟೇ ಹಳೆಯದು. ಜಮೈಕಾಕ್ಕೆ 1845ರಲ್ಲಿ ನಮ್ಮ ದೇಶದ ಕೂಲಿಗಳ ಮೊದಲ ಹಡಗು ಹೋಯಿತು, 1854ರಲ್ಲಿ ಚೀನಾದವರು ಬಂದರು. ಆ ಅಡುಗೆಮನೆಗೆ ಬಂದವರೆಲ್ಲ ಏನಾದರೂ ಬಿಟ್ಟುಹೋಗಿದ್ದಾರೆ. ಸೋಯಾ ಬೇಡ ಅನ್ನುವವರು ಬಿಡಬಹುದು, ಉಪ್ಪು ಸ್ವಲ್ಪ ಹೆಚ್ಚು ಮಾಡಿ. ನಮ್ಮ ಅಜ್ಜಿ ಹಾಕುತ್ತಾರೆ, ನಾನೂ ಹಾಕುತ್ತೇನೆ.

ಶಿರಸಿ_ಮಳೆ
ಥೈಮ್ ಬದಲು ದೊಡ್ಡಪತ್ರೆ ಆಗುತ್ತದೆಯೇ? ನೀವು ವಾಸನೆ ಹೇಳಿದ ರೀತಿ ನೋಡಿದರೆ ಹತ್ತಿರ ಅನ್ನಿಸುತ್ತದೆ.

ಲಂಡನ್_ಲೋಟ
ಒಳ್ಳೆಯ ಪ್ರಶ್ನೆ. ಟ್ರಿನಿಡಾಡಿನವರು ದೊಡ್ಡಪತ್ರೆಯನ್ನೇ ದಪ್ಪ ಎಲೆಯ ಥೈಮ್ ಅನ್ನುತ್ತಾರೆ, ಅವರ ಹಸಿರು ಮಸಾಲೆಗೆ ಹಾಕುತ್ತಾರೆ. ಹಾಗಾಗಿ ಕೆರಿಬಿಯನ್‌ಗೆ ಅದು ಹೊಸದಲ್ಲ. ಆದರೆ ಜರ್ಕ್‌ಗೆ ಸಣ್ಣ ಎಲೆಯ ಥೈಮ್ ಬೇಕು. ಸಿಗದಿದ್ದರೆ ದೊಡ್ಡಪತ್ರೆ ಮೂರು ಎಲೆ ಸಾಕು. ಜಾಸ್ತಿಯಾದರೆ ತಂಬುಳಿ.

ಕೊಡಗಿನ_ಕಾಫಿ
ನಿಂಬೆ ಬದಲು ಕಾಚಂಪುಳಿ ಹಾಕಿ, ಮೆಣಸಿಗೆ ಪರಂಗಿ ಮಾಲು (ನಮ್ಮ ಸೂಜಿಮೆಣಸು) ಹಾಕಿ ಹಂದಿಗೆ ಮಾಡುತ್ತೇನೆ ಈ ವಾರ. ಜರ್ಕ್ ಅಂತ ಕರೆಯಬಹುದೇ?

ಲಂಡನ್_ಲೋಟ
ಅಪಾಯದ ಜಾಗಕ್ಕೆ ಕಾಲಿಡುತ್ತಿದ್ದೀರಿ. 2018ರಲ್ಲಿ ಇಲ್ಲಿನ ಹೆಸರಾಂತ ಬಾಣಸಿಗ ಜೇಮಿ ಆಲಿವರ್ ಪೊಟ್ಟಣದ ಅನ್ನಕ್ಕೆ ಜರ್ಕ್ ರೈಸ್ ಅಂತ ಹೆಸರಿಟ್ಟು ಮಾರಿದರು. ಸಂಸದೆ ಡಾನ್ ಬಟ್ಲರ್ ಟ್ವಿಟರಿನಲ್ಲಿ ಕೇಳಿದರು, ಜರ್ಕ್ ಅಂದರೆ ಏನು ಅಂತ ನಿಮಗೆ ಗೊತ್ತಿದೆಯೇ ಅಂತ. ದೊಡ್ಡ ರಂಪ. ಆಕೆಯ ತಂದೆತಾಯಿ ಜಮೈಕಾದವರು. ಪರ ವಿರೋಧ ಎರಡೂ ಕಡೆ ಮಾತಾಯಿತು, ಆದರೆ ನನಗೆ ಆಕೆಯ ಸಿಟ್ಟು ಅರ್ಥವಾಗುತ್ತದೆ. ಯಾರೋ ಒಬ್ಬರು ಪಂದಿ ಕರಿ ಪಾಸ್ತಾ ಅಂತ ಮಾರಿದರೆ ನಿಮಗೆ ಹೇಗನ್ನಿಸುತ್ತದೆ?

ಕೊಡಗಿನ_ಕಾಫಿ
ಕೋವಿ ತೆಗೆಯುತ್ತೇನೆ. ಅರ್ಥವಾಯಿತು. ಪಿಮೆಂಟೊ ಮತ್ತು ಹೊಗೆ ಇದ್ದರೆ ಆ ಹೆಸರು, ಇಲ್ಲದಿದ್ದರೆ ಸುಮ್ನೆ ಸುಟ್ಟ ಹಂದಿ. ಸರಿಯೇ?

ಲಂಡನ್_ಲೋಟ
ನನ್ನ ಲೆಕ್ಕಕ್ಕೆ ಸರಿ.

ಕುಡ್ಲ_ಕೋರಿ
ಫ್ಲಾಟಿನವರಿಗೆ ಹೊಗೆ ಹೇಗೆ ಅಂತ ಯಾರೂ ಹೇಳಲಿಲ್ಲ. ಬಟ್ಟಲಲ್ಲಿ ಕೆಂಡ ಇಟ್ಟು ತುಪ್ಪ ಬಿಟ್ಟರೆ ಆಗುವುದಿಲ್ಲವೇ?

ಲಂಡನ್_ಲೋಟ
ತುಪ್ಪ ಬೇಡ! ತುಪ್ಪದ ಹೊಗೆ ಅಂದರೆ ಮತ್ತೆ ತಂದೂರಿ. ಹಳೆಯ ಕಬ್ಬಿಣದ ಬಾಣಲೆ ತೆಗೆದುಕೊಳ್ಳಿ, ನಾನ್‌ಸ್ಟಿಕ್ ಖಂಡಿತ ಬೇಡ. ಒಳಗೆ ದಪ್ಪ ಫಾಯಿಲ್ ಹಾಸಿ. ಮೇಲೆ ಒಂದು ಹಿಡಿ ಸರ್ವಸುಗಂಧಿ ಎಲೆ, ಒಂದು ಚಮಚ ಕಾಯಿ. ಅದರ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಕೋಳಿ. ಹೊಗೆ ಏಳುತ್ತಿದ್ದಂತೆ ಮುಚ್ಚಳ ಬಿಗಿಯಾಗಿ ಹಾಕಿ, ಉರಿ ಸಣ್ಣ ಮಾಡಿ, 15 ನಿಮಿಷ. ಆಮೇಲೆ ಓಟಿಜಿಗೆ. ಕಿಟಕಿ ಎಲ್ಲ ತೆರೆದಿರಲಿ, ಹೊಗೆ ಗಂಟೆ ಇರುವ ಮನೆಯಾದರೆ ಮಾಡಬೇಡಿ. ತಾರಸಿ ಇದ್ದರೆ ಇದ್ದಿಲಿನ ಸಿಗಡಿ ಇದಕ್ಕಿಂತ ಎಷ್ಟೋ ವಾಸಿ.

ವಿಜಯನಗರ_ಬಾಣಲೆ
ಎರಡು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಎಲೆ ಬಂತು. ಚೀಲ ಬಿಚ್ಚಿದ ತಕ್ಷಣ ಇಡೀ ಮನೆ ಲವಂಗ. ಸೂಜಿಮೆಣಸು ಐದು, ಅರ್ಧ ಹಳದಿ ದೊಣ್ಣೆಮೆಣಸು ಹಾಕಿದೆ. ಚರ್ಮ ಇರಲಿ ಅಂದಾಗ ಕೋಳಿ ಅಂಗಡಿಯವನು ಎರಡು ಸಲ ಕೇಳಿದ. ಮನೆ ಮಾಲೀಕರ ಒಪ್ಪಿಗೆ ಪಡೆದು ತಾರಸಿಯಲ್ಲಿ ಸಿಗಡಿ ಹಚ್ಚಿದೆ. ಕೆಂಡವನ್ನು ಒಂದು ಬದಿಗೆ ತಳ್ಳಿ, ಕೋಳಿಯನ್ನು ಇನ್ನೊಂದು ಬದಿಗೆ ಇಟ್ಟು, ಮೇಲೆ ದೊಡ್ಡ ಅಲ್ಯೂಮಿನಿಯಂ ಬೋಗುಣಿ ಕವಿಚಿದೆ. ಹತ್ತು ನಿಮಿಷಕ್ಕೊಮ್ಮೆ ಒದ್ದೆ ಎಲೆ ಒಂದು ಹಿಡಿ ಕೆಂಡದ ಮೇಲೆ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕೊನೆಗೆ ನೇರ ಕೆಂಡದ ಮೇಲೆ ಐದು ನಿಮಿಷ.

ಮೊದಲ ತುತ್ತಿಗೆ ಬ್ರಿಕ್ಸ್‌ಟನ್ ನೆನಪಾಯಿತು. ಪೂರ್ತಿ ಅದೇ ಅಂತ ಹೇಳುವುದಿಲ್ಲ. ಆ ಹಣ್ಣಿನ ಘಾಟು ಕಡಿಮೆ ಇತ್ತು, ಹಬನೆರೊ ಬೀಜ ತರಿಸಿದ್ದೇನೆ. ಆದರೆ ಹೊಗೆ ಇತ್ತು. ಚರ್ಮ ಕಪ್ಪಗೆ ಗರಿಗರಿ, ಒಳಗೆ ರಸ. ಮನೆಯವರು ಒಂದು ತುಂಡು ತಿಂದು ಸುಮ್ಮನೆ ಕೂತರು. ಏನು ಅಂದೆ. "ಇದು ಯಾವುದರ ಹಾಗೂ ಇಲ್ಲ" ಅಂದರು.

ಜೊತೆಗೆ ಏನು ಮಾಡುತ್ತಾರೆ? ನಾವು ಬ್ರೆಡ್ಡಿನಲ್ಲಿ ತಿಂದೆವು.

ಟೊರೊಂಟೊ_ಹಿಮ
ಭೇಷ್! ಬ್ರೆಡ್ ಸರಿಯೇ, ಅವರಲ್ಲಿ ಗಟ್ಟಿ ಸಿಹಿ ಬ್ರೆಡ್ ಕೊಡುತ್ತಾರೆ. ಜೋಳದ ಹಿಟ್ಟಿನ ಸಿಹಿ ವಡೆ ಒಂದಿದೆ, ಹೆಸರು ಫೆಸ್ಟಿವಲ್. ನಮ್ಮ ಬಿಳಿ ಜೋಳ ಅಲ್ಲ, ಮೆಕ್ಕೆಜೋಳ. ಇಲ್ಲದಿದ್ದರೆ ರೈಸ್ ಆ್ಯಂಡ್ ಪೀಸ್. ಹೆಸರಿಗೆ ಬಟಾಣಿ, ಹಾಕುವುದು ರಾಜ್ಮಾ. ತೆಂಗಿನ ಹಾಲಿನಲ್ಲಿ ಅನ್ನ, ಥೈಮ್, ಪಿಮೆಂಟೊ ನಾಲ್ಕು ಕಾಳು, ಒಂದು ಇಡೀ ಮೆಣಸು ಒಡೆಯದ ಹಾಗೆ. ಕ್ರಿಸ್‌ಮಸ್‌ಗೆ ರಾಜ್ಮಾ ಬದಲು ಗುಂಗೊ ಪೀಸ್ ಹಾಕುತ್ತಾರೆ. ಅದು ಹಸಿ ತೊಗರಿಕಾಳು.

ಹುಬ್ಬಳ್ಳಿ_ಖಾರ
ತೊಗರಿ! ಅಂತೂ ನಮ್ಮ ಕಡೆಯದೊಂದು ಬಂತು. ಗೇಲ್ ತೊಗರಿಯಿಂದಲೇ ಹೊಡೆದದ್ದು ಅಂತ ಈಗ ಖಾತ್ರಿಯಾಯಿತು.

ಟೊರೊಂಟೊ_ಹಿಮ
ಇನ್ನೊಂದು, ಬ್ರೆಡ್‌ಫ್ರೂಟ್. ಇಡಿಯಾಗಿ ಕೆಂಡದ ಮೇಲೆ ಸುಟ್ಟು, ಕಪ್ಪು ಸಿಪ್ಪೆ ಕೆರೆದು, ಹೋಳು ಮಾಡಿ ಕೊಡುತ್ತಾರೆ. 1793ರಲ್ಲಿ ಕ್ಯಾಪ್ಟನ್ ಬ್ಲೈ ಟಹೀಟಿಯಿಂದ ಸಸಿ ತಂದು ಜಮೈಕಾದಲ್ಲಿ ಇಳಿಸಿದ. ಗುಲಾಮರಿಗೆ ಅಗ್ಗದ ಊಟ ಆಗಲಿ ಅನ್ನುವ ಲೆಕ್ಕ.

ಕುಡ್ಲ_ಕೋರಿ
ಬ್ರೆಡ್‌ಫ್ರೂಟ್ ಅಂದರೆ ನಮ್ಮ ಜೀಗುಜ್ಜೆ ಮಾರಾಯ್ರೆ! ನಾವು ಪೋಡಿ ಮಾಡುತ್ತೇವೆ, ಸುಕ್ಕ ಮಾಡುತ್ತೇವೆ. ಇಡಿಯಾಗಿ ಸುಡಬಹುದು ಅಂತ ಇಷ್ಟು ವರ್ಷ ಹೊಳೆಯಲೇ ಇಲ್ಲ. ಘೀ ರೋಸ್ಟ್ ಮಾತು ವಾಪಸ್ ತೆಗೆದುಕೊಂಡೆ. ಅರ್ಧ ಮಾತ್ರ.

ಶಿರಸಿ_ಮಳೆ
ಇದನ್ನೇ ಕಾಯುತ್ತಿದ್ದೆ. ನಿನ್ನೆ ಪೇಟೆಯಿಂದ ಒಂದು ಜೀಗುಜ್ಜೆ ತಂದು ನಿಮ್ಮ ಮಸಾಲೆಯನ್ನೇ ಸವರಿ, ಬಚ್ಚಲ ಒಲೆಯ ಕೆಂಡದಲ್ಲಿ ಸರ್ವಸುಗಂಧಿ ಎಲೆಯ ಹೊಗೆ ಕೊಟ್ಟೆ. ಬೆಳ್ಳುಳ್ಳಿ ಹಾಕಲಿಲ್ಲ. ಮಸಾಲೆ ಒಳಗೆ ಇಳಿಯಲಿಲ್ಲ, ಮೊದಲು ಹೋಳು ಮಾಡಿ ಅರ್ಧ ಬೇಯಿಸಿಕೊಳ್ಳಬೇಕಿತ್ತು. ಹೊರಗಿನ ಅರ್ಧ ಇಂಚು ಮಾತ್ರ ಅದ್ಭುತ. ಅಮ್ಮ ಮೂರು ಹೋಳು ತಿಂದರು.

ವಿಜಯನಗರ_ಬಾಣಲೆ
@ಶಿರಸಿ_ಮಳೆ ಇನ್ನೊಂದು ಚೀಲ ಎಲೆ ಕಳಿಸಲು ಆಗುತ್ತದೆಯೇ? ಈ ಸಲ ಬಸ್ ಚಾರ್ಜ್ ನನ್ನದು. ಮುಂದಿನ ಭಾನುವಾರ ಮನೆ ಮಾಲೀಕರೂ ಊಟಕ್ಕೆ ಬರುತ್ತೇವೆ ಅಂದಿದ್ದಾರೆ.

ಶಿರಸಿ_ಮಳೆ
ಗುರುವಾರ ಹಾಕುತ್ತೇನೆ. ಒಂದೇ ಕೋರಿಕೆ, ಮನೆ ನಂಬರಿಗೆ ಫೋನ್ ಮಾಡಿ ಕೋಳಿ ಚೆನ್ನಾಗಿ ಬಂತು ಅಂತ ಮಾತ್ರ ಹೇಳಬೇಡಿ. ಅಪ್ಪನಿಗೆ ಬೆಂಗಳೂರಿನಲ್ಲಿ ಯಾರಿಗೋ ಕೆಮ್ಮಿಗೆ ಕಷಾಯ ಅಂದಿದ್ದೇನೆ. ಕೆಮ್ಮು ಹೇಗಿದೆ ಅಂತ ದಿನಾ ಕೇಳುತ್ತಿದ್ದಾರೆ.